ತಪ್ಪಿಗೆ ದಂಡ, ನೊಂದವನಿಗೆ ದಾರಿ: ಸ್ನೂಕರಿನ ಒಂದು ನಿಯಮ



ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಟಿ.ವಿ.ಯಲ್ಲಿ ಸ್ನೂಕರ್ ಪಂದ್ಯ ನಡೆಯುತ್ತಿತ್ತು. ಆಟಗಾರನೊಬ್ಬ ತಪ್ಪು ಮಾಡಿದ. ರೆಫರಿ ‘ಫ್ರೀ ಬಾಲ್’ ಎಂದು ಸಾರಿದರು. ಎದುರಾಳಿಯು ಏಳು ಅಂಕದ ಕಪ್ಪು ಚೆಂಡನ್ನು ಗುಳಿಗೆ ಬೀಳಿಸಿದ. ಆದರೆ ಅವನಿಗೆ ದೊರೆತದ್ದು ಒಂದೇ ಅಂಕ! “ಇದ್ಯಾವ ನ್ಯಾಯ ಸಾರ್?” ಎಂದು ಶಿಷ್ಯ ಕೇಳಿದ. ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಚರಿತ್ರೆಯ ಮೇಷ್ಟರಾದ ನನಗೆ ಯಾವುದನ್ನೇ ಆಗಲಿ ಬುಡದಿಂದ ನೋಡುವುದೇ ಅಭ್ಯಾಸ. ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ನಮ್ಮ ಜಬಲ್ಪುರದಲ್ಲಿ. 1875ರಲ್ಲಿ ಅಲ್ಲಿ ಬೀಡುಬಿಟ್ಟಿದ್ದ ಡೆವನ್‌ಷೈರ್ ರೆಜಿಮೆಂಟಿನ ಅಧಿಕಾರಿಗಳು ಬಿಲಿಯರ್ಡ್ಸ್ ಮೇಜಿನ ಮೇಲೆ ಪಣವೊಡ್ಡಿ ಆಡುತ್ತಿದ್ದರು. ಅವರಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣನೊಬ್ಬನಿದ್ದ. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತನೇ ಬೇರೆ.) ಹದಿನೈದು ಕೆಂಪು ಚೆಂಡುಗಳ ಹಳೆಯ ಆಟಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೊಸ ಆಟವೊಂದನ್ನು ಈತ ಹೂಡಿದ. ವೂಲಿಚ್ ಸೈನಿಕ ಅಕಾಡೆಮಿಯಲ್ಲಿ ಮೊದಲ ವರ್ಷದ ಹುಡುಗರನ್ನು ‘ಸ್ನೂಕರ್’ ಎಂದು ಕರೆಯುತ್ತಿದ್ದರು. ಸುಲಭದ ಹೊಡೆತವನ್ನು ತಪ್ಪಿದ ಗೆಳೆಯನನ್ನು ಚೇಂಬರ್ಲೇನ್ ಆ ಹೆಸರಿನಿಂದ ಹಾಸ್ಯ ಮಾಡಿದನಂತೆ. ಬಳಿಕ, ಈ ಆಟದಲ್ಲಿ ನಾವೆಲ್ಲರೂ ಸ್ನೂಕರುಗಳೇ ಎಂದು ಸಮಾಧಾನಪಡಿಸಿದನಂತೆ. ಹೆಸರು ಆಟಕ್ಕೇ ಅಂಟಿಕೊಂಡಿತು.

‘ಅಂತೆ’ ಎಂದು ನಾನು ಬರೆಯಲು ಕಾರಣವಿದೆ. ಚೇಂಬರ್ಲೇನ್ ಇದನ್ನು ಪತ್ರಿಕೆಯೊಂದಕ್ಕೆ ಬರೆದು ತಿಳಿಸಿದ್ದು 1938ರಲ್ಲಿ, ಅಂದರೆ ಅರವತ್ತಮೂರು ವರ್ಷಗಳ ನಂತರ. ಮರುವರ್ಷ ಲೇಖಕ ಕಾಂಪ್ಟನ್ ಮೆಕೆಂಜಿ ಅದನ್ನು ಸಮರ್ಥಿಸಿದ ಮೇಲೆ ಜನ ಒಪ್ಪಿಕೊಂಡರು. ಆಟವು ಜಬಲ್ಪುರದಿಂದ ನಮ್ಮ ಮೈಸೂರಿನ ನೆರೆಯ ಊಟಿಗೆ ಬಂದು, 1882ರಲ್ಲಿ ಅಲ್ಲಿನ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ ಅದರ ನಿಯಮಗಳನ್ನು ಬರೆದು ತೂಗುಹಾಕಲಾಯಿತು. 1885ರಲ್ಲಿ ಭಾರತಕ್ಕೆ ಬಂದ ಬಿಲಿಯರ್ಡ್ಸ್ ಚಾಂಪಿಯನ್ ಜಾನ್ ರಾಬರ್ಟ್ಸ್ ಚೇಂಬರ್ಲೇನನಿಂದ ಆಟವನ್ನು ಅರಿತು ಇಂಗ್ಲೆಂಡಿಗೆ ಒಯ್ದರು. ಬೆಂಗಳೂರಿನಲ್ಲಿ ಬೆಳೆದ ಪಂಕಜ್ ಅಡ್ವಾಣಿ 2003ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ವಿಶ್ವ ಅಮೆಚೂರ್ ಸ್ನೂಕರ್ ಕಿರೀಟ ಧರಿಸಿದಾಗ ಆಟವು ತವರಿನ ಋಣ ತೀರಿಸಿತೆಂದು ನನಗೆ ಅನಿಸಿತ್ತು.

ಇನ್ನು ನಿಯಮಕ್ಕೆ ಬರೋಣ. ಕೆಂಪು ಚೆಂಡಿಗೆ ಒಂದು ಅಂಕ; ಹಳದಿಯಿಂದ ಕಪ್ಪಿನವರೆಗಿನ ಆರು ಬಣ್ಣಗಳಿಗೆ ಕ್ರಮವಾಗಿ ಎರಡರಿಂದ ಏಳು. ಬಿಳಿ ಚೆಂಡಿನಿಂದ ಮೊದಲು ಕೆಂಪನ್ನು, ನಂತರ ಒಂದು ಬಣ್ಣವನ್ನು, ಹೀಗೆ ಸರದಿಯಂತೆ ಬೀಳಿಸಬೇಕು. ಹೊಡೆಯಬೇಕಾದ ಚೆಂಡನ್ನು ಬಿಟ್ಟು ಬೇರೆಯದನ್ನು ಮೊದಲು ತಾಗಿದರೆ, ಯಾವುದನ್ನೂ ತಾಗದಿದ್ದರೆ, ಬಿಳಿ ಚೆಂಡೇ ಗುಳಿಗೆ ಬಿದ್ದರೆ, ಅಂಗಿಯ ತೋಳು ಚೆಂಡಿಗೆ ಸೋಕಿದರೂ ಸಹ ಅದು ಫೌಲ್. ತಪ್ಪಿಗೆ ಸಂಬಂಧಪಟ್ಟ ಚೆಂಡಿನ ಬೆಲೆಗೆ ಅನುಗುಣವಾಗಿ ಕನಿಷ್ಠ ನಾಲ್ಕು, ಗರಿಷ್ಠ ಏಳು ಅಂಕಗಳು ಎದುರಾಳಿಗೆ ಸೇರುತ್ತವೆ.

ಆದರೆ ದಂಡವೊಂದರಿಂದಲೇ ನ್ಯಾಯ ಪೂರ್ಣವಾಗುವುದಿಲ್ಲ. ಬಿಳಿ ಚೆಂಡನ್ನು ಬೇರೊಂದರ ಮರೆಯಲ್ಲಿ ನಿಲ್ಲಿಸಿ ಎದುರಾಳಿಯ ದಾರಿ ಕಟ್ಟುವುದು ಈ ಆಟದ ಜಾಣ್ಮೆ. ಅದಕ್ಕೂ ‘ಸ್ನೂಕರ್’ ಎಂದೇ ಹೆಸರು. ನ್ಯಾಯವಾಗಿ ಆಡಿ ಮರೆಮಾಡಿದರೆ ಚಪ್ಪಾಳೆ. ಆದರೆ ಒಬ್ಬನು ಕೆಂಪನ್ನು ತಾಗದೆ ಫೌಲ್ ಮಾಡಿದ, ಬಿಳಿ ಚೆಂಡು ಉರುಳಿ ಕಪ್ಪಿನ ಮರೆಯಲ್ಲಿ ನಿಂತಿತು ಎನ್ನೋಣ. ಎದುರಾಳಿಗೆ ನಾಲ್ಕು ಅಂಕವೇನೋ ಬಂತು, ಆದರೆ ಕೆಂಪಿಗೆ ದಾರಿಯೇ ಇಲ್ಲ. ಅವನೂ ತಪ್ಪಿದರೆ ಬಂದ ನಾಲ್ಕು ಹಿಂತಿರುಗಿ ಹೋಗುತ್ತದೆ. ಅಲ್ಲಿಗೆ ತಪ್ಪು ಮಾಡಿದವನಿಗೇ ಲಾಭವಾದಂತಾಯಿತು.

ಫ್ರೀ ಬಾಲ್ ಬರುವುದು ಇಲ್ಲಿಯೇ. ಫೌಲಿನ ನಂತರ, ಹೊಡೆಯಬೇಕಾದ ಚೆಂಡುಗಳಲ್ಲಿ ಒಂದರ ಎರಡೂ ಅಂಚುಗಳನ್ನಾದರೂ ನೇರ ಹೊಡೆತದಿಂದ ತಾಗಲು ಸಾಧ್ಯವಿಲ್ಲವೆಂದಾದರೆ ರೆಫರಿ ಫ್ರೀ ಬಾಲ್ ಸಾರುತ್ತಾರೆ. ನೊಂದ ಆಟಗಾರ ಯಾವುದೇ ಚೆಂಡನ್ನು ಹೆಸರಿಸಿ, ಅದನ್ನೇ ಕೆಂಪೆಂದು ಭಾವಿಸಿ ಹೊಡೆಯಬಹುದು. ದಾರಿಗಡ್ಡವಾದ ಕಪ್ಪನ್ನೇ ಹೆಸರಿಸಿ ಬೀಳಿಸಿದರೂ ಅವನಿಗೆ ಸಲ್ಲುವುದು ಕೆಂಪಿನ ಒಂದು ಅಂಕ. ಕಪ್ಪು ಮತ್ತೆ ತನ್ನ ಸ್ಥಾನಕ್ಕೆ ಬರುತ್ತದೆ; ಆಟಗಾರ ಮುಂದಿನ ಬಣ್ಣಕ್ಕೆ ಸಾಗುತ್ತಾನೆ. ಶಿಷ್ಯನ ಪ್ರಶ್ನೆಗೆ ಇದೇ ಉತ್ತರ. ನಿಯಮವು ಅವನಿಗೆ ಬಹುಮಾನ ಕೊಡುತ್ತಿಲ್ಲ, ಕಳೆದುಹೋದ ಅವಕಾಶವನ್ನು ಹಿಂದಿರುಗಿಸುತ್ತಿದೆ. ಹಾಗೆಂದು ನೊಂದವನೂ ಮಿತಿ ಮೀರುವಂತಿಲ್ಲ: ಹೆಸರಿಸಿದ ಆ ಚೆಂಡಿನ ಮರೆಯಲ್ಲೇ ಬಿಳಿಯನ್ನು ನಿಲ್ಲಿಸಿ ಎದುರಾಳಿಯ ದಾರಿ ಕಟ್ಟಿದರೆ ಅದೂ ಫೌಲ್. ಗುಲಾಬಿ ಮತ್ತು ಕಪ್ಪು ಮಾತ್ರ ಉಳಿದಿರುವಾಗ ಇದಕ್ಕೆ ವಿನಾಯಿತಿಯುಂಟು.

ಸಾಮಾನ್ಯವಾಗಿ ಒಂದೇ ಸರದಿಯಲ್ಲಿ ಗಳಿಸಬಹುದಾದ ಗರಿಷ್ಠ ಮೊತ್ತ 147. ಹದಿನೈದು ಕೆಂಪುಗಳೂ ಮೇಜಿನ ಮೇಲಿರುವಾಗ ಫ್ರೀ ಬಾಲ್ ದೊರೆತರೆ ಅದು ಹದಿನಾರನೆಯ ಕೆಂಪಿನಂತಾಗಿ, ಲೆಕ್ಕ 155ರವರೆಗೆ ಏರಬಲ್ಲುದು. 2004ರಲ್ಲಿ ಸ್ಕಾಟ್ಲೆಂಡಿನ ಜೇಮಿ ಬರ್ನೆಟ್ 148 ಗಳಿಸಿ, ವೃತ್ತಿಪರ ಪಂದ್ಯದಲ್ಲಿ 147ನ್ನು ದಾಟಿದವರಲ್ಲಿ ಮೊದಲಿಗರಾದರು.

ಇದನ್ನೆಲ್ಲ ಓದುತ್ತಿದ್ದಾಗ ನನ್ನದೇ ಒಂದು ತೀರ್ಪು ನೆನಪಾಗಿ ಮನಸ್ಸು ಕುಗ್ಗಿತು. ಬಹಳ ವರ್ಷಗಳ ಹಿಂದೆ, ಎಂಟನೆಯ ತರಗತಿಗೆ ಭೂಪಟ ಬರೆಯುವ ಸ್ಪರ್ಧೆ ಇಟ್ಟಿದ್ದೆ. ಒಬ್ಬನ ಕೈ ತಗುಲಿ ಮಸಿ ಚೆಲ್ಲಿ, ಪಕ್ಕದವನ ಪಟ ಹಾಳಾಯಿತು. ಚೆಲ್ಲಿದವನ ಐದು ಅಂಕ ಕಳೆದು, ನ್ಯಾಯ ಮಾಡಿದೆನೆಂದು ಬೀಗಿದೆ. ಪಟ ಕಳೆದುಕೊಂಡವನು ಇನ್ನೊಂದು ಹಾಳೆ ಕೇಳಿದ. “ವೇಳೆ ಮುಗಿಯಿತು, ನಿಯಮ ನಿಯಮವೇ” ಎಂದುಬಿಟ್ಟೆ. ಐದು ಅಂಕ ಕಳೆದರೂ ಬಹುಮಾನ ಚೆಲ್ಲಿದವನಿಗೇ ಬಂದಿತು. ಇವನು ಮಸಿ ಹಿಡಿದ ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಸುಮ್ಮನೆ ಹೊರಟುಹೋದ.

ತಪ್ಪಿತಸ್ಥನನ್ನು ದಂಡಿಸುವುದು ನ್ಯಾಯದ ಅರ್ಧಭಾಗ ಮಾತ್ರವೆಂಬುದು ಒಂದು ಮೇಜಿನಾಟಕ್ಕೆ ತಿಳಿದಿತ್ತು, ಬಿ.ಎಡ್. ಓದಿದ ನನಗೆ ಅಂದು ತಿಳಿಯಲಿಲ್ಲ. ಆ ಹುಡುಗನೂ ಈ ಪುಟವನ್ನು ಓದುತ್ತಿರಬಹುದು. ಮಗೂ, ಅಂದು ನಿನಗೆ ಇನ್ನೊಂದು ಹಾಳೆ, ಅರ್ಧ ಗಂಟೆ ಹೆಚ್ಚಿನ ವೇಳೆ ಕೊಡಬೇಕಾಗಿತ್ತು. ಕೊಡಲಿಲ್ಲ. ತಪ್ಪು ನನ್ನದು.