ಕಿರಣಗಳ ಏಳು ವಾರ

1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ವಿಜ್ಞಾನಿಗಳು, ಆಕಾಶದಿಂದ ಸುರಿಯುವ ವಿಶ್ವಕಿರಣಗಳ ಕಾಟದಿಂದ ತಪ್ಪಿಸಿಕೊಂಡು ನ್ಯೂಟ್ರಿನೋ ಕಣಗಳ ಜಾಡು ಹಿಡಿದರು. ಇದು ಜಗತ್ತಿಗೇ ತಿಳಿದ ಸಂಗತಿ. ಅದೇ ಸೀಮೆಯ ಜನ ಕಿರಣವನ್ನೇ ಅರಸಿಕೊಂಡು ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹತ್ತಿದ ಚರಿತ್ರೆ ಅಷ್ಟಾಗಿ ಮಾತಿಗೆ ಬಂದಿಲ್ಲ.

ಕೋಲಾರದ ಸುತ್ತ ಬಾಯಿ, ಗಂಟಲಿನ ಕ್ಯಾನ್ಸರ್ ಹೊಸದಲ್ಲ. ಎಲೆ ಅಡಿಕೆಯೊಡನೆ ಹೊಗೆಸೊಪ್ಪು, ಕಡ್ಡಿಪುಡಿ ಸೇರುತ್ತವೆ. ಅದನ್ನು ರಾತ್ರಿಯಿಡೀ ದವಡೆಯಲ್ಲಿ ಒತ್ತಿಕೊಂಡೇ ಮಲಗುವ ಹೆಂಗಸರೂ ಉಂಟು. ಗಣಿಯ ಧೂಳಿಗೆ ಹೆದರುತ್ತಿದ್ದ ಮನೆಗಳು ಎಲೆಯ ತಟ್ಟೆಗೆ ಹೆದರಲಿಲ್ಲವೆಂಬುದು ನೋವಿನ ಮಾತು.

ರಾಂಟ್ಜೆನ್ ಕ್ಷ-ಕಿರಣವನ್ನು ಕಂಡದ್ದು 1895ರಲ್ಲಿ. ಕೆನಡಾದಲ್ಲಿ ಕೋಬಾಲ್ಟ್ ಯಂತ್ರದಿಂದ ರೋಗಿಗೆ ಮೊದಲು ಚಿಕಿತ್ಸೆ ನೀಡಿದ್ದು 1951ರಲ್ಲಿ. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1973ರಲ್ಲಿ ಆರಂಭವಾಯಿತು. ಬಾಯಿಯ ಗಡ್ಡೆಗೆ ಸಾಮಾನ್ಯವಾಗಿ ಮೊದಲು ಶಸ್ತ್ರಕ್ರಿಯೆ, ಅಗತ್ಯವಿದ್ದರೆ ಬಳಿಕ ಕಿರಣ. ಗಂಟಲಿನದಕ್ಕೆ ಹಲವೊಮ್ಮೆ ಕಿರಣವೇ ಮುಖ್ಯ. ಒಟ್ಟು 60ರಿಂದ 70 ಗ್ರೇ ಪ್ರಮಾಣವನ್ನು ದಿನಕ್ಕೆ 2 ಗ್ರೇಯಂತೆ, ವಾರಕ್ಕೆ ಐದು ದಿನ, ಆರೇಳು ವಾರ ಕೊಡುತ್ತಾರೆ.

ಎರಡು ಮೂರು ವಾರಗಳಲ್ಲಿ ಬಾಯಿ ಹುಣ್ಣಾಗುತ್ತದೆ, ರುಚಿ ಹೋಗುತ್ತದೆ. ಹಳೆಯ ಪದ್ಧತಿಯಲ್ಲಿ ಕಿರಣ ಕೆನ್ನೆಯ ಎರಡೂ ಬದಿಯ ಜೊಲ್ಲುಗ್ರಂಥಿಗಳ ಮೇಲೆ ಬೀಳುತ್ತಿತ್ತು. ಜೊಲ್ಲು ಒಣಗಿದರೆ, ಅಗಿಯದೆ ನುಂಗುವ ನಮ್ಮ ರಾಗಿಮುದ್ದೆಯೂ ಗಂಟಲಿಗೆ ಇಳಿಯದು. ಇಲ್ಲಿಯೇ ಎಷ್ಟೋ ಜನ ಚಿಕಿತ್ಸೆ ಬಿಡುತ್ತಾರೆ. ಆದರೆ ನಡುವೆ ದಿನ ತಪ್ಪಿದಷ್ಟೂ ಗಡ್ಡೆ ಮತ್ತೆ ಚಿಗುರುತ್ತದೆ. ತಪ್ಪಿದ ಒಂದೊಂದು ದಿನಕ್ಕೂ ಅದು ಹತೋಟಿಗೆ ಬರುವ ಸಂಭವ ಶೇಕಡ 1ಕ್ಕಿಂತ ತುಸು ಹೆಚ್ಚೇ ಕುಗ್ಗುತ್ತದೆಂದು ವೈದ್ಯರ ಲೆಕ್ಕ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಕೂಲಿಗಾಗಿ ಬೆಳಗಿನ ರೈಲು ಹಿಡಿಯುವವರು ಹೆಚ್ಚಾದರು. ದಿನಗೂಲಿಯ ಮನೆಯಲ್ಲಿ ರೋಗಿಯ ಜೊತೆ ಏಳು ವಾರ ಹೋಗಿಬರುವವರು ಯಾರು?

ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆಯನ್ನು ಹೊಂದಿಸುವ ಐಎಂಆರ್‌ಟಿ ವಿಧಾನ 1990ರ ದಶಕದಲ್ಲಿ ಬಳಕೆಗೆ ಬಂತು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯೊಂದರಲ್ಲಿ, ಗಂಟಲು ಕ್ಯಾನ್ಸರಿನವರಿಗೆ ಹಳೆಯ ವಿಧಾನದಲ್ಲಿ ವರ್ಷದ ನಂತರವೂ ಶೇಕಡ 74 ಮಂದಿಗೆ ಬಾಯಿ ಒಣಗುವ ತೊಂದರೆ ಗಣನೀಯವಾಗಿತ್ತು; ಹೊಸದರಲ್ಲಿ ಅದು ಶೇಕಡ 38. ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಯಂತ್ರದ ಹೊಗಳಿಕೆಯಲ್ಲಿ ಈ ಎರಡನೆಯ ಮಾತು ಮರೆಯಾಗುವುದೇ ಹೆಚ್ಚು. ಆದರೂ ಊಟ ರುಚಿಸುವುದು ಸಣ್ಣ ಲಾಭವೇನಲ್ಲ.

ಇನ್ನು ಕೆಲವು ಉಪದ್ರವಗಳು ತಡವಾಗಿ ಬರುತ್ತವೆ: ಬಾಯಿ ತೆರೆಯಲಾಗದಿರುವುದು, ಕುತ್ತಿಗೆ ಬಿಗಿಯುವುದು, ಥೈರಾಯ್ಡ್ ಕುಗ್ಗುವುದು, ಹಲ್ಲು ಹಾಳಾಗುವುದು. ಕಿರಣ ತಗುಲಿದ ದವಡೆಯಲ್ಲಿ ವರ್ಷಗಳ ಮೇಲೆ ಹಲ್ಲು ಕಿತ್ತರೂ ಗಾಯ ಮಾಯದೆ ಮೂಳೆಯೇ ಸಾಯಬಹುದು. ಆದ್ದರಿಂದ ಕೆಟ್ಟ ಹಲ್ಲುಗಳನ್ನು ಚಿಕಿತ್ಸೆಗೆ ಮೊದಲೇ ಕೀಳಿಸಿ, ಗಾಯ ಮಾಯಲು ಎರಡು ಮೂರು ವಾರ ಬಿಡುತ್ತಾರೆ. ಮುಂದೆ ಯಾವ ದಂತವೈದ್ಯರ ಬಳಿ ಹೋದರೂ, ಹತ್ತು ವರ್ಷ ಕಳೆದಿದ್ದರೂ, ಕಿರಣ ಕೊಡಿಸಿಕೊಂಡ ಸಂಗತಿಯನ್ನು ರೋಗಿ ಮೊದಲು ಹೇಳಬೇಕು. ಆಸ್ಪತ್ರೆಯ ಚೀಟಿಯನ್ನು ತೋರಿಸಬೇಕು.