ನೀರುಗಂಟಿ, ಸರ್ವರ್ ಮತ್ತು ಒಂದು ಸುಳ್ಳು ‘ಓಕೆ’

ಸೆಪ್ಟೆಂಬರ್ 15ರ ಆಸುಪಾಸಿನಲ್ಲಿ ಊರಿಗೆ ಹೋದರೆ ಮುದ್ದೇನಹಳ್ಳಿಗೂ ಒಂದು ಸುತ್ತು ಹೋಗಿ ಬರುವುದು ನನ್ನ ಹಳೇ ಅಭ್ಯಾಸ. ಅವತ್ತು ಎಂಜಿನಿಯರ್‌ಗಳ ದಿನ ನೋಡಿ, ಸರ್ ಎಂ. ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ. ಅವರು ಹುಟ್ಟಿದ ಮನೆ ಈಗ ಸ್ಮಾರಕ, ಸಮಾಧಿ ಇರುವುದೂ ಅದೇ ಊರಿನಲ್ಲಿ. ಕಳೆದ ಸಲ ಜೊತೆಗೆ ಮಾವನೂ ಬಂದಿದ್ದರು. ಬೈಕ್ ನಿಲ್ಲಿಸಿ ನಡೆಯುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ಕೇಳಿದರು:

“ಲೋ, ನೀನು ಬೆಂಗಳೂರಲ್ಲಿ ಇಷ್ಟು ವರ್ಷದಿಂದ ಮಾಡೋದಾದ್ರೂ ಏನು? ಯಾರಾದ್ರೂ ಕೇಳಿದ್ರೆ ಕಂಪ್ಯೂಟರ್ ಕೆಲಸ ಅಂತೀನಿ, ಅದರಿಂದಾಚೆ ನಂಗೂ ಗೊತ್ತಿಲ್ಲ.”

“ಸರ್ವರ್ ಕಾಯ್ತೀನಿ ಮಾವ. ಡಿಸ್ಕ್ ತುಂಬ್ತಾ ಇದೆಯಾ, ಮೆಮೊರಿ ಸಾಕಾಗ್ತಾ ಇದೆಯಾ, ಕೆಲಸ ನಿಂತುಹೋಗಿದೆಯಾ ಅಂತ ನೋಡ್ತಾ ಇರೋದು.”

“ಹಂಗಂದ್ರೆ ನೀರುಗಂಟಿ ಅನ್ನು!”

ನಗು ಬಂತು. ಆದರೆ ಮನೆಯವರಿಗೆ ನನ್ನ ಕೆಲಸ ವಿವರಿಸಲು ಒದ್ದಾಡಿ ಒದ್ದಾಡಿ ಕೈಬಿಟ್ಟಿದ್ದ ನನಗೆ ಅಷ್ಟು ಸರಿಯಾದ ಪದವನ್ನು ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ನೀರುಗಂಟಿ ಅಂದರೆ ಯಾರು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ (2007ರವರೆಗೆ ಎರಡೂ ಒಂದೇ ಜಿಲ್ಲೆ) ಬೇಸಾಯ ನಡೆದಿದ್ದು ಕೆರೆಗಳನ್ನು ನಂಬಿಕೊಂಡು. ತೂಬು ಎತ್ತುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು, ಮಳೆಗಾಲದಲ್ಲಿ ಏರಿಯ ಮೇಲೆ ಓಡಾಡಿ ಎಲ್ಲಾದರೂ ನೀರು ಜಿನುಗುತ್ತಿದೆಯಾ ಅಂತ ನೋಡುವುದು, ಕೋಡಿ ಬೀಳುವ ಹಾಗಿದ್ದರೆ ಊರಿಗೆ ಹೇಳುವುದು... ಇದೆಲ್ಲ ನೀರುಗಂಟಿಯ ಕೆಲಸ. ಇದಕ್ಕೆ ಸುಗ್ಗಿಯಲ್ಲಿ ರೈತರು ಧಾನ್ಯ ಅಳೆದು ಕೊಡುತ್ತಿದ್ದರು.

ಇಂಥ ಕೆರೆಗಳ ಸೀಮೆಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ತಾನೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ನೀರು ಗೊತ್ತಾದ ಮಟ್ಟ ಮುಟ್ಟುವ ತನಕ ಬಾಗಿಲು ತಡೆದು ನಿಲ್ಲಿಸುತ್ತದೆ. ಅದನ್ನು ದಾಟಿದರೆ ತಾನಾಗಿಯೇ ತೆರೆದುಕೊಂಡು ಹೆಚ್ಚಿನ ನೀರನ್ನು ಹೊರಗೆ ಬಿಡುತ್ತದೆ, ಇಳಿದ ಮೇಲೆ ಮುಚ್ಚಿಕೊಳ್ಳುತ್ತದೆ. ಕಟ್ಟೆ ಎತ್ತರಿಸದೆ ಹೆಚ್ಚು ನೀರು ಹಿಡಿದಿಡುವ ಉಪಾಯ. ಇದಕ್ಕೆ ಅವರು ಪೇಟೆಂಟ್ ಪಡೆದಿದ್ದರು. ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟೆಗೆ, ನಮ್ಮ ಕನ್ನಂಬಾಡಿಗೆ ಕೂಡ ಇಂಥ ಬಾಗಿಲುಗಳು ಬಂದವು. ಮಟ್ಟವನ್ನು ಮನುಷ್ಯ ನೋಡುವ ಬದಲು ಯಂತ್ರವೇ ನೋಡಿಕೊಳ್ಳಲಿ ಅನ್ನುವ ಯೋಚನೆ ಅದು. ನಾವು ಇವತ್ತು ಸರ್ವರ್‌ಗಳಿಗೆ ಮಾಡುತ್ತಿರುವುದೂ ಅದನ್ನೇ.

ಇರಲಿ, ಕಂಪ್ಯೂಟರ್ ಕಥೆಗೆ ಬರ್ತೀನಿ. ಅಲ್ಲೂ ಮೊದಲು ಇದ್ದದ್ದು ಏರಿಯ ಮೇಲೆ ಓಡಾಡುವ ಮನುಷ್ಯನೇ. 1973ರಲ್ಲಿ ಯುನಿಕ್ಸ್‌ಗೆ ‘ಪೈಪ್’ ಬಂತು. ಒಂದು ಆದೇಶ ಹೇಳಿದ್ದನ್ನು ಇನ್ನೊಂದು ಆದೇಶದ ಕಿವಿಗೆ ಹಾಕುವ ಕೊಳವೆ ಇದು. ಯೋಚನೆ ಡಗ್ ಮೆಕಿಲ್‌ರಾಯ್ ಅವರದು, ಮಾಡಿದ್ದು ಕೆನ್ ಥಾಂಪ್ಸನ್. 1979ರ ಏಳನೇ ಆವೃತ್ತಿಯಲ್ಲಿ ಬೋರ್ನ್ ಶೆಲ್ ಬಂತು. ಹೇಳಿದ ಹೊತ್ತಿಗೆ ಕೆಲಸ ಮಾಡುವ ‘ಕ್ರಾನ್’ ಕೂಡ ಇತ್ತು. ಇಷ್ಟಾದ ಮೇಲೆ ನಾಲ್ಕು ಸಾಲಿನ ಸ್ಕ್ರಿಪ್ಟ್ ಬರೆದು, ರಾತ್ರಿ ಎರಡಕ್ಕೆ ಡಿಸ್ಕ್ ಅಳೆದು, ತುಂಬಿದ್ದರೆ ಮೇಲ್ ಹಾಕು ಅಂತ ಹೇಳಿ ಮಲಗಬಹುದಿತ್ತು. 1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆಯ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ‘ಪಿಂಗ್’ ಬರೆದರು. ‘ಇದ್ದೀಯಾ?’ ಅಂತ ಕೂಗಿ ಉತ್ತರಕ್ಕೆ ಕಾಯುವ ಪುಟ್ಟ ಪ್ರೋಗ್ರಾಂ. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಆ ಹೆಸರು ಬಂತು.

‘ಏಜೆಂಟ್’ ಅನ್ನುವ ಮಾತು ನಮ್ಮಂಥವರ ಬಾಯಿಗೆ ಬಂದದ್ದು 1988ರ ಎಸ್‌ಎನ್‌ಎಂಪಿ ನಿಯಮಾವಳಿಯಿಂದ. ಪ್ರತಿ ಯಂತ್ರದೊಳಗೂ ಒಬ್ಬ ಏಜೆಂಟ್, ಎಲ್ಲರನ್ನೂ ವಿಚಾರಿಸುವ ಒಬ್ಬ ಮ್ಯಾನೇಜರ್. ಅಪಾಯ ಬಂದರೆ ಏಜೆಂಟ್ ತಾನಾಗಿಯೇ ‘ಟ್ರ್ಯಾಪ್’ ಕಳಿಸಬಹುದು. ಆದರೆ ಅದು ತಲುಪಿತೋ ಇಲ್ಲವೋ ಅನ್ನುವ ಖಾತ್ರಿ ಮೊದಲ ಆವೃತ್ತಿಯಲ್ಲಿ ಇರಲಿಲ್ಲ. ಕೂಗಿದ್ದಷ್ಟೇ ಅವನ ಕೆಲಸ! 1999ರಲ್ಲಿ ಈಥನ್ ಗಾಲ್‌ಸ್ಟಾಡ್ ‘ನೆಟ್‌ಸೇಂಟ್’ ಹೊರತಂದರು. ಹೆಸರಿನ ತಕರಾರು ಬಂದು 2002ರಲ್ಲಿ ಅದು ‘ನಾಗಿಯೋಸ್’ ಆಯಿತು. ಲಾಟ್ವಿಯಾ ದೇಶದ ಅಲೆಕ್ಸಿ ವ್ಲಾಡಿಶೆವ್ 1998ರಲ್ಲಿ ಶುರು ಮಾಡಿದ ‘ಜ್ಯಾಬಿಕ್ಸ್’ 2001ರಲ್ಲಿ ಮುಕ್ತವಾಗಿ ಹೊರಬಂತು.

ಆಗ ಬೆಂಗಳೂರಿನಲ್ಲೂ ಗಾಳಿ ಬದಲಾಗಿತ್ತು. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಬಂತು. ಅದರ ಹಿಂದೆ ಇದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಲ್ಲಿ ‘ಲಿನಕ್ಸ್ ಬ್ಯಾಂಗಲೋರ್’ ಸಮ್ಮೇಳನ ಶುರುವಾಯಿತು, 2005ರಲ್ಲಿ ಅದೇ ‘ಫಾಸ್ ಡಾಟ್ ಇನ್’ ಆಯಿತು, 2012ರಲ್ಲಿ ಕೊನೆಯದು ನಡೆಯಿತು. ಮರುವರ್ಷ ಚಿಟ್ನಿಸ್ ತೀರಿಕೊಂಡರು. ಲೈಸೆನ್ಸ್‌ಗೆ ಕಾಸಿಲ್ಲದ ನನ್ನಂಥ ಎಷ್ಟೋ ಹುಡುಗರು ಸರ್ವರ್ ಕೆಲಸಕ್ಕೆ ಸೇರಿದ್ದು ಆ ಸಿ.ಡಿ.ಗಳ ಪುಣ್ಯದಿಂದ.

ಈಗ ನನ್ನ ಮಾನ ಹೋದ ಕಥೆ ಹೇಳ್ತೀನಿ.

ಕೆಲವು ವರ್ಷದ ಹಿಂದೆ ಸುಮಾರು ನಲವತ್ತು ಲಿನಕ್ಸ್ ಯಂತ್ರಗಳಿಗೆ ಜ್ಯಾಬಿಕ್ಸ್ ಏಜೆಂಟ್ ಹಾಕಬೇಕಿತ್ತು. ಒಂದೊಂದಕ್ಕೇ ಲಾಗಿನ್ ಆಗಿ ಕೂರುವವರು ಯಾರು? ಸ್ಕ್ರಿಪ್ಟ್ ಬರೆದೆ. ಪಟ್ಟಿಯಿಂದ ಒಂದೊಂದೇ ಹೆಸರು ತೆಗೆದುಕೊಂಡು ಒಳಗೆ ಹೋಗು, ‘ಯಮ್’ ಆದೇಶದಿಂದ ಏಜೆಂಟ್ ಹಾಕು, ನಡೆದದ್ದನ್ನು ಲಾಗ್ ಫೈಲಿಗೆ ಬರೆದುಕೊ, ಸರಿಹೋದರೆ ‘ಓಕೆ’ ಅನ್ನು. ಏಜೆಂಟ್ ಎದ್ದ ಮೇಲೆ ತಾನೇ ಸರ್ವರ್‌ಗೆ ಹೋಗಿ ಹೆಸರು ನೋಂದಾಯಿಸಿಕೊಳ್ಳುವ ಹಾಗೆ ಮಾಡಿದ್ದೆ. ಪರದೆ ಮೇಲೆ ಸಾಲಾಗಿ ನಲವತ್ತು ಓಕೆ. ಬೋರ್ಡ್ ಪೂರ್ತಿ ಹಸಿರು. ಖುಷಿಯಾಗಿ ಮನೆಗೆ ಹೋದೆ.

ಮೂರನೇ ವಾರದ ಸೋಮವಾರ ಬೆಳಿಗ್ಗೆ ಫೋನ್. ಒಂದು ಆಸ್ಪತ್ರೆಯ ಲ್ಯಾಬ್ ರಿಪೋರ್ಟ್ ಕೊಡುವ ಯಂತ್ರ ನಿಂತಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಕೂತ ವಯಸ್ಸಾದವರು ಕೌಂಟರ್ ಮುಂದೆ ಸಾಲು ನಿಂತಿದ್ದಾರೆ. ಡಾಕ್ಟರ್ ರಿಪೋರ್ಟ್ ಇಲ್ಲದೆ ಔಷಧಿ ಬರೆಯುವಂತಿಲ್ಲ. ಬೋರ್ಡ್ ನೋಡಿದೆ, ಎಲ್ಲ ಹಸಿರು. ಎರಡು ನಿಮಿಷ ಏನೂ ತೋಚಲಿಲ್ಲ. ಆಮೇಲೆ ಬೆರಳಿಟ್ಟು ಎಣಿಸಿದೆ. ಮೂವತ್ತೊಂಬತ್ತು!

ಒಳಗೆ ಹೋಗಿ ನೋಡಿದರೆ ಡಿಸ್ಕ್ ನೂರಕ್ಕೆ ನೂರು ತುಂಬಿದೆ. ಡೇಟಾಬೇಸ್‌ಗೆ ಒಂದು ಅಕ್ಷರ ಬರೆಯಲು ಜಾಗ ಇಲ್ಲ. ಒಂದೇ ಲಾಗ್ ಫೈಲ್ ಬೆಳೆದು ಬೆಟ್ಟವಾಗಿತ್ತು. ಗಾಬರಿಯಲ್ಲಿ ಅದನ್ನು ಅಳಿಸಿದೆ. ಜಾಗ ಮಾತ್ರ ಬಿಡುಗಡೆ ಆಗಲೇ ಇಲ್ಲ. ಲಿನಕ್ಸ್‌ನಲ್ಲಿ ಹಾಗೇ, ಯಾವುದೋ ಪ್ರೋಗ್ರಾಂ ಫೈಲನ್ನು ತೆರೆದು ಹಿಡಿದುಕೊಂಡಿದ್ದರೆ ಹೆಸರು ಅಳಿಸಿದರೂ ಜಾಗ ಸಿಗುವುದಿಲ್ಲ. ಹಿಡಿದವನು ಬಿಡಬೇಕು. ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರು ಮಾಡಿದ ಮೇಲೆ ಯಂತ್ರ ಉಸಿರಾಡಿತು. ಅಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು.

ಸಾಯಂಕಾಲ ಕೂತು ನನ್ನ ಸ್ಕ್ರಿಪ್ಟಿನ ಲಾಗ್ ತೆಗೆದು ಓದಿದೆ. ಆ ಯಂತ್ರದ ಸಾಲಿನಲ್ಲಿ ಯಮ್ ಸ್ಪಷ್ಟವಾಗಿ ಹೇಳಿತ್ತು, ಡಿಸ್ಕಿನಲ್ಲಿ ಜಾಗ ಸಾಲದು, ಹಾಕಲಾಗಲಿಲ್ಲ ಅಂತ. ಅದರ ಕೆಳಗೇ ನನ್ನ ‘ಓಕೆ’!

ತಪ್ಪು ಎಲ್ಲಿ ಅಂದರೆ ಆ 1973ರ ಕೊಳವೆಯಲ್ಲಿ. ಪ್ರತಿ ಆದೇಶವೂ ಮುಗಿಯುವಾಗ ಒಂದು ಅಂಕಿ ಬಿಟ್ಟು ಹೋಗುತ್ತದೆ, ಸೊನ್ನೆ ಅಂದರೆ ಸರಿ, ಬೇರೆ ಏನಿದ್ದರೂ ತಪ್ಪು. ನಾನು ಯಮ್ ಹೇಳಿದ್ದನ್ನು ‘ಟೀ’ ಅನ್ನುವ ಆದೇಶಕ್ಕೆ ಕೊಳವೆ ಹಾಕಿ ಲಾಗ್ ಬರೆಸಿದ್ದೆ. ಕೊಳವೆ ಇದ್ದಾಗ ಶೆಲ್ ನೋಡುವುದು ಕೊನೆಯವನ ಅಂಕಿಯನ್ನು ಮಾತ್ರ. ಯಮ್ ಸೋತಿತ್ತು. ಆದರೆ ಅದು ಸೋತೆ ಅಂದದ್ದನ್ನು ಟೀ ಅಚ್ಚುಕಟ್ಟಾಗಿ ಬರೆದುಕೊಂಡಿತ್ತು, ಹಾಗಾಗಿ ಸೊನ್ನೆ! ಶಾನುಭೋಗರು ‘ಬೆಳೆ ಹೋಯಿತು’ ಅಂತ ದುಂಡಗೆ ಬರೆದಿದ್ದಾರೆ, ಬರವಣಿಗೆ ಚೆನ್ನಾಗಿದೆ ಅಂತ ನಾನು ಮೊಹರು ಒತ್ತಿದ ಹಾಗೆ. ಇದಕ್ಕೆ ಮದ್ದು ಇಲ್ಲದೇ ಇರಲಿಲ್ಲ. ಬ್ಯಾಶ್‌ನ 3.0 ಆವೃತ್ತಿಯಲ್ಲಿ, 2004ರಲ್ಲೇ, ‘ಪೈಪ್‌ಫೇಲ್’ ಅನ್ನುವ ಆಯ್ಕೆ ಬಂದಿತ್ತು. ಮಧ್ಯದಲ್ಲಿ ಯಾರು ಸೋತರೂ ಇಡೀ ಸಾಲು ಸೋತಂತೆ. ನಾನು ಆ ಒಂದು ಸಾಲು ಹಾಕಿರಲಿಲ್ಲ.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು. ಡಿಸ್ಕ್ ತುಂಬುತ್ತಿದೆ ಅಂತ ಹೇಳಲು ಒಬ್ಬ ಕಾವಲುಗಾರನನ್ನು ಕಳಿಸಿದೆ. ಡಿಸ್ಕ್ ತುಂಬಿದ್ದರಿಂದಲೇ ಅವನಿಗೆ ಒಳಗೆ ಹೋಗಲು ಆಗಲಿಲ್ಲ. ಅಂದರೆ ಯಾವ ಯಂತ್ರಕ್ಕೆ ಕಾವಲು ತೀರಾ ಬೇಕಿತ್ತೋ ಅದರ ಹೆಸರೇ ಬೋರ್ಡಿನಲ್ಲಿ ಇರಲಿಲ್ಲ. ಇಲ್ಲದ ಹೆಸರು ಕೆಂಪಾಗುವುದಾದರೂ ಹೇಗೆ?

ಇದು ನನ್ನೊಬ್ಬನ ದಡ್ಡತನ ಅಲ್ಲ ಅಂತ ಆಮೇಲೆ ತಿಳಿಯಿತು (ಸ್ವಲ್ಪ ಸಮಾಧಾನ!). ಮೌನವನ್ನು ಗುರುತಿಸುವ ಏರ್ಪಾಡು ಈ ಎಲ್ಲ ತಂತ್ರಾಂಶಗಳಲ್ಲೂ ಇದೆ. ಸುದ್ದಿ ಹಳೆಯದಾದರೆ ನಾಗಿಯೋಸ್ ತಾನೇ ಹೋಗಿ ವಿಚಾರಿಸುವ ಹಾಗೆ ಮಾಡಬಹುದು. ಇಷ್ಟು ಹೊತ್ತು ಮಾಹಿತಿ ಬರದಿದ್ದರೆ ಕೂಗು ಅಂತ ಜ್ಯಾಬಿಕ್ಸ್‌ಗೆ ಹೇಳಬಹುದು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಹುಟ್ಟಿದ ‘ಪ್ರೊಮೀಥಿಯಸ್’ ತಾನೇ ಪ್ರತಿ ಯಂತ್ರದ ಬಾಗಿಲು ತಟ್ಟುತ್ತದೆ, ಉತ್ತರ ಬರದಿದ್ದರೆ ‘ಅಪ್’ ಅನ್ನುವ ಲೆಕ್ಕದಲ್ಲಿ ಸೊನ್ನೆ ಬರೆಯುತ್ತದೆ. ಆದರೆ ಇವೆಲ್ಲ ಕೆಲಸ ಮಾಡಬೇಕಾದರೆ ಯಾರ್‍ಯಾರು ಇರಬೇಕು ಅನ್ನುವ ಪಟ್ಟಿ ಬೇರೆ ಕಡೆ ಇರಬೇಕು. ಕಾವಲುಗಾರನೇ ಬಂದು ಬರೆಸಿದ ಹೆಸರನ್ನು ನಂಬಿ ಕೂತರೆ ನನ್ನ ಗತಿ ಆಗುತ್ತದೆ. ಈಗ ನನ್ನ ಸ್ಕ್ರಿಪ್ಟಿನ ಕೊನೆಗೆ ಒಂದು ಎಣಿಕೆ ಇದೆ. ಪಟ್ಟಿಯಲ್ಲಿ ಎಷ್ಟು, ಬೋರ್ಡಿನಲ್ಲಿ ಎಷ್ಟು. ಹೊಂದದಿದ್ದರೆ ನಿಲ್ಲು.

ಇದನ್ನೆಲ್ಲ ಮುದ್ದೇನಹಳ್ಳಿಯಿಂದ ವಾಪಸ್ ಬರುವಾಗ ಟೀ ಅಂಗಡಿಯಲ್ಲಿ ಕೂತು ಮಾವನಿಗೆ ಹೇಳಿದೆ. ಅರ್ಧ ಅರ್ಥವಾಗಿರಬೇಕು, ಅರ್ಧ ಇಲ್ಲ. ಆಮೇಲೆ ನಾನೇ ಕೇಳಿದೆ.

“ಮಾವ, ನಿಮ್ಮ ಕಾಲದಲ್ಲಿ ನೀರುಗಂಟಿಗೇ ಹುಷಾರಿಲ್ಲದೆ ಮಲಗಿಬಿಟ್ಟರೆ?”

“ಮಳೆಗಾಲದಲ್ಲಿ ಅವನು ಒಂದು ಹೊತ್ತು ಕಾಣಲಿಲ್ಲ ಅಂದ್ರೆ ನಾವೇ ಏರಿ ಮೇಲಕ್ಕೆ ಹೋಗ್ತಿದ್ವಿ. ಅವನು ಬಂದು ಹೇಳ್ಲಿ ಅಂತ ಕಾಯ್ತಾ ಕೂತ್ಕೊಳ್ಳೋಕಾಗುತ್ತಾ?” ಅಂದು ಮಾವ ಇನ್ನೊಂದು ಟೀ ಹೇಳಿದರು.