ಮೇಜಿನಂಚಿನ ಮಿನ್ಸರ್ ಮತ್ತು ನಮ್ಮ ಕೈಮಾ

ನ್ಯೂಜಿಲೆಂಡಿನ ಹಳೆಯ ಸಾಮಾನುಗಳ ಅಂಗಡಿಗಳಲ್ಲಿ ಇಂದಿಗೂ ಸಿಗುವ ವಸ್ತುಗಳಲ್ಲಿ ಎರಕದ ಕಬ್ಬಿಣದ ಮಿನ್ಸರ್ ಒಂದು. ತಿರುಪಿನಿಂದ ಮೇಜಿನ ಅಂಚಿಗೆ ಬಿಗಿದು, ಮೇಲಿನ ಬಾಯಿಗೆ ಮಾಂಸ ಹಾಕಿ, ಹಿಡಿಯನ್ನು ಕೈಯಿಂದ ತಿರುಗಿಸಬೇಕು. ಒಳಗಿನ ಸುರುಳಿ ಮಾಂಸವನ್ನು ಮುಂದಕ್ಕೆ ತಳ್ಳುತ್ತದೆ, ಅಲಗು ಕತ್ತರಿಸುತ್ತದೆ, ತೂತುಬಿಲ್ಲೆಯಿಂದ ಅದು ಎಳೆಎಳೆಯಾಗಿ ಹೊರಬರುತ್ತದೆ. ಈ ಸಾಧನದ ಚರಿತ್ರೆ ಮಿತವ್ಯಯದ ಚರಿತ್ರೆಯೂ ಹೌದು. ಅದರೊಳಗೆ ಕನ್ನಡಿಗರ ಪಾಲೂ ಇದೆ ಎಂಬುದನ್ನು ಈ ಲೇಖನದಲ್ಲಿ ನೆನೆಯಲು ಬಯಸುತ್ತೇವೆ.

ಬ್ರೆಡ್ಡಿಗೆ ಹಚ್ಚಿ ತಿನ್ನುವ ಅರೆದ ಮಾಂಸಕ್ಕೆ ಆಂಗ್ಲರು 'ಪಾಟೆಡ್ ಮೀಟ್' ಎನ್ನುತ್ತಿದ್ದರು. 1747ರಲ್ಲಿ ಪ್ರಕಟವಾದ ಹ್ಯಾನಾ ಗ್ಲಾಸ್ ಅವರ ಪಾಕಪುಸ್ತಕದಲ್ಲಿಯೂ, 1861ರ ಮಿಸೆಸ್ ಬೀಟನ್ ಅವರ ಗೃಹಕೃತ್ಯದ ಗ್ರಂಥದಲ್ಲಿಯೂ ಇದರ ವಿಧಾನಗಳಿವೆ. ಬೆಂದ ಮಾಂಸವನ್ನು ಬೆಣ್ಣೆ, ಜಾಪತ್ರೆ, ಮೆಣಸಿನೊಡನೆ ಕಲ್ಲಿನ ಒರಳಿನಲ್ಲಿ ಕುಟ್ಟಿ, ಗಾಳಿ ಉಳಿಯದಂತೆ ಪಾತ್ರೆಗೆ ಒತ್ತಿ ತುಂಬಿ, ಮೇಲೆ ಕಾಯಿಸಿ ಗಸಿ ತೆಗೆದ ಬೆಣ್ಣೆಯನ್ನು ಸುರಿಯುತ್ತಿದ್ದರು. ಅದು ನಮ್ಮ ತುಪ್ಪಕ್ಕೆ ಹತ್ತಿರದ ಬಂಧು. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಲ್ಲಿಸುವ ನಮ್ಮ ಮನೆಗಳಿಗೆ ಈ ತರ್ಕ ಹೊಸದಲ್ಲ.

ಈ ನೆಲದ ಮಾವೋರಿಗಳಿಗೂ ಅದು ಮೊದಲೇ ತಿಳಿದಿತ್ತು. ದಕ್ಷಿಣದ ರಾಕಿಯುರಾ ಸುತ್ತಲಿನ ದ್ವೀಪಗಳಲ್ಲಿ ಹಿಡಿದ ತೀತಿ ಹಕ್ಕಿಯ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಬೇಯಿಸಿ, ಕಡಲಪಾಚಿಯಿಂದ ಮಾಡಿದ 'ಪೋಹಾ' ಎಂಬ ಚೀಲಗಳಲ್ಲಿ ತುಂಬಿಡುತ್ತಿದ್ದರು. ಎರಡು ನಾಡುಗಳು ಪರಸ್ಪರ ಕಾಣದೆಯೇ ಒಂದೇ ಉಪಾಯವನ್ನು ಕಂಡುಕೊಂಡಿದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಒರಳಿನ ಕೆಲಸವನ್ನು ಕೈಯಂತ್ರ ವಹಿಸಿಕೊಂಡಿತು. ಲಂಡನ್ನಿನ ಸ್ಪಾಂಗ್, ಫಿಲಡೆಲ್ಫಿಯಾದ ಎಂಟರ್‌ಪ್ರೈಸ್ ಮೊದಲಾದ ತಯಾರಕರ ಮಿನ್ಸರ್‌ಗಳು ಮನೆಮನೆಗೆ ಬಂದವು. ಅದೇ ಕಾಲಕ್ಕೆ ನ್ಯೂಜಿಲೆಂಡ್ ಮಾಂಸದ ನಾಡಾಗುತ್ತಿತ್ತು. 1882ರ ಫೆಬ್ರವರಿ 15ರಂದು 'ಡ್ಯುನಿಡಿನ್' ಎಂಬ ಹಡಗು ಶೀತಲೀಕರಿಸಿದ ಕುರಿಮಾಂಸವನ್ನು ಹೊತ್ತು ಪೋರ್ಟ್ ಚಾಮರ್ಸ್‌ನಿಂದ ಹೊರಟು, ಮೇ ತಿಂಗಳಲ್ಲಿ ಲಂಡನ್ ತಲುಪಿತು. ಸರಿಯಾಗಿ ನೂರು ವರ್ಷಗಳ ಬಳಿಕ, 1982ರಲ್ಲಿ, ಇಲ್ಲಿನ ಕುರಿಗಳ ಸಂಖ್ಯೆ ಏಳು ಕೋಟಿ ದಾಟಿತ್ತು.

ಆದರೆ ಕುರಿಗಳು ಹೇರಳವಾಗಿದ್ದ ಮಾತ್ರಕ್ಕೆ ಅಡುಗೆಮನೆ ಧಾರಾಳವಾಗಿರಲಿಲ್ಲ. ಎಳೆಯ ಕುರಿಯ ಮಾಂಸ ಹಡಗು ಹತ್ತುತ್ತಿತ್ತು; ಮನೆಯವರು ಬಲಿತ ಕುರಿಯನ್ನು ಉಣ್ಣುತ್ತಿದ್ದರು. ಭಾನುವಾರ ಇಡಿಯಾಗಿ ಸುಟ್ಟ ತೊಡೆ ಸೋಮವಾರ ಮಿನ್ಸರ್‌ಗೆ ಬೀಳುತ್ತಿತ್ತು. ಅದರಿಂದ ಶೆಪರ್ಡ್ಸ್ ಪೈ ಆಗುತ್ತಿತ್ತು, ಬ್ರೆಡ್ಡಿಗೆ ಹಚ್ಚುವ ಮುದ್ದೆಯೂ ಆಗುತ್ತಿತ್ತು. ಕೊನೆಗೆ ಒಂದು ಚೂರು ಒಣ ಬ್ರೆಡ್ಡನ್ನು ತಿರುಗಿಸಿದರೆ ಒಳಗೆ ಅಂಟಿದ್ದ ಮಾಂಸವೂ ವ್ಯರ್ಥವಾಗದೆ ಹೊರಬರುತ್ತಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಹೆಚ್ಚು ಆಹಾರ ಕಳುಹಿಸಲೆಂದು 1943ರಲ್ಲಿ ಬೆಣ್ಣೆಗೂ 1944ರಲ್ಲಿ ಮಾಂಸಕ್ಕೂ ಇಲ್ಲಿ ಪಡಿತರ ಜಾರಿಯಾಯಿತು. ಮಾಂಸದ ಪಡಿತರ 1948ರವರೆಗೆ, ಬೆಣ್ಣೆಯದು 1950ರವರೆಗೆ ಮುಂದುವರಿಯಿತು.

ಕನ್ನಡ ನಾಡಿನ ಕಡೆಗೆ ತಿರುಗಿದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹನ್ನೆರಡನೆಯ ಶತಮಾನದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅರಮನೆಯ ಮಾಂಸದಡುಗೆಗಳ ವಿವರವಿದೆ. ಕರುಳಿನೊಳಗೆ ತುಂಬಿ ಸುಡುವ ಕ್ರಮವೂ ಇದೆ. ಕನ್ನಡದಲ್ಲಿಯೇ ರಚಿತವಾದ ಮೂರನೆಯ ಮಂಗರಸನ 'ಸೂಪಶಾಸ್ತ್ರ' ಹದಿನಾರನೆಯ ಶತಮಾನದ ಆರಂಭದ್ದು. ಜೈನಕವಿಯ ಕೃತಿಯಾದ್ದರಿಂದ ಅದು ಸಸ್ಯಾಹಾರಕ್ಕೆ ಮೀಸಲು. ಅರಮನೆಯ ಮಾಂಸ ಗ್ರಂಥ ಸೇರಿತು. ಸಾಮಾನ್ಯರ ಮನೆಯ ಮಾಂಸದಡುಗೆ ಬಹುಪಾಲು ಕೈಯಿಂದ ಕೈಗೆ ಉಳಿದು ಬಂದಿತು.

ಅಂಥವುಗಳಲ್ಲೊಂದು ಕೈಮಾ. ತುರ್ಕಿ ಮೂಲದ ಈ ಪದ ಪಾರಸಿ, ದಖನಿಗಳ ಮೂಲಕ ಬಂದು ಕನ್ನಡದ್ದೇ ಆಯಿತು. ಹಳೆ ಮೈಸೂರು ಸೀಮೆಯ ಕೈಮಾ ಉಂಡೆಯ ಸಾರಿಗೆ ಮಾಂಸವನ್ನು ಕತ್ತಿಯಿಂದ ಕೊಚ್ಚಿ, ಹುರಿಗಡಲೆ, ತೆಂಗಿನಕಾಯಿ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿಯೊಡನೆ ಕಲ್ಲಿನ ಮೇಲೆ ಅರೆಯುತ್ತಿದ್ದರು. ಮೊದಲು ಒಂದೇ ಉಂಡೆಯನ್ನು ಕುದಿಯುವ ಸಾರಿಗೆ ಬಿಟ್ಟು ನೋಡುವುದುಂಟು; ಅದು ಒಡೆಯದಿದ್ದರೆ ಉಳಿದವೂ ಒಡೆಯವು. ಇಲ್ಲಿಯೂ ಉದ್ದೇಶ ಅದೇ: ಸ್ವಲ್ಪ ಮಾಂಸ, ಹಲವು ಎಲೆಗಳು.

1987ರ ವಲಸೆ ಕಾಯಿದೆ ಮೂಲದೇಶದ ಆಧಾರದ ಆದ್ಯತೆಯನ್ನು ಕೈಬಿಟ್ಟ ನಂತರದ ದಶಕಗಳಲ್ಲಿ ಭಾರತದಿಂದ ಇಲ್ಲಿಗೆ ಬರುವವರು ಹೆಚ್ಚಿದರು. ಒರಳುಕಲ್ಲು ವಿಮಾನ ಹತ್ತುವಂಥದ್ದಲ್ಲ. ಮಿಕ್ಸಿ ಹತ್ತಿತು, ಇಲ್ಲಿಯೂ 230 ವೋಲ್ಟ್ ವಿದ್ಯುತ್ತೇ ಇರುವುದರಿಂದ ಪ್ಲಗ್ ಬದಲಿಸಿದರೆ ಸಾಕಾಯಿತು. ಆದರೆ ಮಿಕ್ಸಿಯ ವೇಗಕ್ಕೆ ಮಾಂಸ ಬಿಸಿಯಾಗಿ ಅಂಟಂಟಾಗುತ್ತದೆ. ಮಿನ್ಸರ್‌ನಲ್ಲಿ ಎಳೆ ಉಳಿಯುತ್ತದೆ.

ಎರಡು ಪರಂಪರೆಗಳನ್ನೂ ಕೂಡಿಸಬಯಸುವವರಿಗೆ ಒಂದು ಸರಳ ಕ್ರಮವಿದೆ. ಅರ್ಧ ಕಿಲೋ ಕುರಿಯ ಮುಂದೊಡೆಯ ಮಾಂಸವನ್ನು ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು, ಚಕ್ಕೆ, ಲವಂಗ, ಉಪ್ಪಿನೊಡನೆ ಮೆತ್ತಗೆ ಬೇಯಿಸಿ ನೀರು ಇಂಗಿಸಬೇಕು. ನಾರು, ಮೂಳೆ ತೆಗೆದು, ತಣಿಸಿ, ಎರಡು ಬಾರಿ ಮಿನ್ಸರ್‌ಗೆ ಹಾಕಿ, ಸುಮಾರು 100 ಗ್ರಾಂ ತುಪ್ಪ ಕಲಸಿ, ಜಾಡಿಗೆ ಒತ್ತಿ ತುಂಬಿ, ಮೇಲೆ ಕರಗಿದ ತುಪ್ಪವನ್ನು ಸುರಿಯಬೇಕು. ತುಪ್ಪದ ಮುಚ್ಚಳವಿದೆಯೆಂದು ಹೊರಗಿಡಬಾರದು. ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನಗಳೊಳಗೆ ಮುಗಿಸಬೇಕು.

ಕನ್ನಡ ಕೂಟಗಳ ಹಬ್ಬದೂಟ ಸಾಮಾನ್ಯವಾಗಿ ಸಸ್ಯಾಹಾರವೇ. ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಲು ಅದು ಒಳ್ಳೆಯ ಏರ್ಪಾಡು. ಆದರೆ ಊಟದ ಪಂಕ್ತಿಯ ನಿಯಮ ಬರವಣಿಗೆಯ ನಿಯಮವೂ ಆಗಿಬಿಟ್ಟರೆ, ನಮ್ಮಲ್ಲಿ ಅನೇಕರ ಮನೆಯ ಅಡುಗೆ ಚರಿತ್ರೆಗೆ ಸೇರದೆ ಹೋಗುತ್ತದೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅಂಗಡಿಯ ತಟ್ಟೆಯಲ್ಲಿ ಸಿದ್ಧವಾಗಿ ಸಿಗುವ ಮಿನ್ಸ್ ಗೊತ್ತು. ಅಜ್ಜಿ ಹುರಿಗಡಲೆಯನ್ನು ಎಷ್ಟು ಹಿಡಿ ಹಾಕುತ್ತಿದ್ದರೆಂಬುದು ಗೊತ್ತಿಲ್ಲ. ಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಸದಸ್ಯ ಕುಟುಂಬಗಳು ತಮ್ಮ ಮನೆಯ ಕ್ರಮ, ಊರು, ಬಳಸಿದ ಸಾಧನ, ಇಲ್ಲಿಗೆ ಬಂದ ಮೇಲೆ ಬದಲಾದದ್ದು ಇವಿಷ್ಟನ್ನು ಬರೆದು ಕಳುಹಿಸಲೆಂದು ಕೋರುತ್ತೇವೆ. ಹಿಡಿ, ಚಿಟಿಕೆಗಳ ಅಳತೆಯಲ್ಲಿದ್ದರೂ ಸರಿ. ಅದನ್ನು ಹಾಗೆಯೇ ಪ್ರಕಟಿಸುತ್ತೇವೆ.